ಬರೀ ಸ್ಕ್ರ್ಯಾಚು

ಬಾಡಿಗೆ ಕಾರಿನ ಆಫೀಸಿನಲ್ಲಿ ಅಕ್ಕನ ಕೆಲಸ ಒಂದೇ: ವಾಪಸು ಬಂದ ಕಾರಿಗೆ ಒಂದು ಸುತ್ತು ಹಾಕಿ ಗೀರು ಹುಡುಕುವುದು. ಟಾರ್ಚನ್ನು ಓರೆಯಾಗಿ ಹಿಡಿದು ಬಣ್ಣದ ಮೇಲೆ ಉಗುರು ಎಳೆಯುತ್ತಾಳೆ. ಉಗುರು ಜಾರಿತೋ, ಉಜ್ಜಿದರೆ ಹೋಗುತ್ತದೆ. ಸಿಕ್ಕಿಕೊಂಡಿತೋ, ಒಳಗೆ ಇಳಿದಿದೆ ಅಂತಲೇ ಲೆಕ್ಕ. ಕಾರು ಕೊಡುವ ಮೊದಲೇ ಇದ್ದ ಗೀರುಗಳನ್ನು ಚೀಟಿಯಲ್ಲಿ ‘ಹಳೇದು’ ಅಂತ ಬರೆದಿರುತ್ತಾರೆ. ಒಮ್ಮೆ ಹಾಗೆ ಬರೆದರೆ ಮುಗೀತು, ಆಮೇಲೆ ಅದರ ಬಗ್ಗೆ ಯಾರೂ ಯಾರನ್ನೂ ಕೇಳುವ ಹಾಗಿಲ್ಲ.

ಗಿರಾಕಿಗಳದ್ದಂತೂ ಯಾವಾಗಲೂ ಒಂದೇ ರಾಗ. ಕೂದಲೆಳೆಯಷ್ಟು ಗೆರೆ ಬಿದ್ದರೂ ಸ್ಕ್ರ್ಯಾಚು, ಬಾಗಿಲು ನುಜ್ಜುಗುಜ್ಜಾದರೂ ಬರೀ ಸ್ಕ್ರ್ಯಾಚು ಮೇಡಂ. ಒಬ್ಬ ಮಹಾಶಯ ಕಳಚಿದ ಬಂಪರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದು ಹಾಗೇ ಅಂದಿದ್ದ. ಇಲ್ಲದಿದ್ದರೆ, ಅದು ಮೊದಲೇ ಇತ್ತು ಅನ್ನುತ್ತಾರೆ. ಅಕ್ಕ ವಾದಕ್ಕೆ ಇಳಿಯುವವಳಲ್ಲ. ಕೀ ಕೊಡಿ ಅಂತ ಕೈ ಚಾಚುತ್ತಾಳೆ, ಅಷ್ಟೇ. ಹನ್ನೊಂದು ವರ್ಷದಿಂದ ಇದನ್ನೇ ಕೇಳಿ ಕೇಳಿ ಅವಳಿಗೆ ಸಿಟ್ಟೂ ಬರುವುದಿಲ್ಲ, ನಗುವೂ ಬರುವುದಿಲ್ಲ.

ತಂಗಿ ಮದುವೆಯಾದ ಎರಡು ತಿಂಗಳಿಗೆ ಒಮ್ಮೆ ಬಂದಿದ್ದಳು. ಪಾತ್ರೆ ತೊಳೆಯಲು ಬಟ್ಟೆಯ ತೋಳು ಮಡಚಿದಾಗ ಮೊಣಕೈ ಮೇಲೆ ಉದ್ದನೆಯ ಗೀರು ಕಾಣಿಸಿತು. ಅಕ್ಕ ಕೇಳಿದ್ದಕ್ಕೆ, ಹಳೇದು, ಮದುವೆಗೆ ಮುಂಚೆ ಚಿಲಕ ತಾಗಿದ್ದು ಅಂದಳು. ನಾನೇನು ನಿನ್ನ ಬಾಡಿಗೆ ಕಾರಾ ಅಂತ ಚುಡಾಯಿಸಿದಳು. ಇಬ್ಬರೂ ನಕ್ಕರು. ಅಮ್ಮ ತೀರಿಕೊಂಡ ಮೇಲೆ ಆ ಹುಡುಗಿಯನ್ನು ಎತ್ತಿ ಬೆಳೆಸಿದ್ದು ಅಕ್ಕನೇ. ಮದುವೆಯ ದಿನ ಬಟ್ಟೆ ತೊಡಿಸಿದ್ದೂ ಅವಳೇ. ಆ ಮೈಮೇಲಿನ ಒಂದೊಂದು ಗುರುತೂ ಅವಳಿಗೆ ಬಾಯಿಪಾಠ. ಆದರೂ ತಂಗಿ ಹಳೇದು ಅಂದಳಲ್ಲ, ಅಭ್ಯಾಸಬಲ, ಅಕ್ಕ ಮುಂದೆ ಕೇಳಲೇ ಇಲ್ಲ. ತಪ್ಪಾಗಿದ್ದು ಅಲ್ಲೇ.

ಈ ಸಲ ನಾಲ್ಕು ದಿನಕ್ಕೆಂದು ಬಂದವಳು ಅಂಥ ಸೆಕೆಯಲ್ಲೂ ಕಾಲರಿನ ಗುಂಡಿ ಬಿಚ್ಚಲಿಲ್ಲ. ಭಾನುವಾರ ಹತ್ತಕ್ಕೆ ಗಂಡ ಕರೆದುಕೊಂಡು ಹೋಗಲು ಬರುವವನಿದ್ದ. ಅಂದು ಬೆಳಿಗ್ಗೆ ಅಕ್ಕ ಅವಳ ತಲೆ ಬಾಚಲು ಕೂದಲು ಎತ್ತಿದರೆ ಕುತ್ತಿಗೆಯ ಹಿಂದೆ ನಾಲ್ಕು ಗೀರು, ಸಾಲಾಗಿ. ಅಕ್ಕನಿಗೆ ಗೊತ್ತಿಲ್ಲದೆಯೇ ಅವಳ ಉಗುರು ಅದರ ಮೇಲೆ ಓಡಿತು. ಸಿಕ್ಕಿಕೊಂಡಿತು.

“ಸ್ಕ್ರ್ಯಾಚು ಅಷ್ಟೇ ಅಕ್ಕ,” ಅಂದಳು ತಂಗಿ.

ಕೂಗಾಡಬೇಕಿತ್ತು, ಅಳಬೇಕಿತ್ತು. ಏನೂ ಬರಲಿಲ್ಲ. ಜಡೆ ಪೂರ್ತಿ ಹೆಣೆದು, ರಬ್ಬರ್ ಬ್ಯಾಂಡ್ ಹಾಕಿ, ಹೋಗ್ತೀಯಾ ಅಂತ ಕೇಳಿದಳು. ಕರೆಯೋಕೆ ಬಂದ್ರೆ ಹೋಗಬೇಕಲ್ಲ ಅಂದಳು ತಂಗಿ, ನೆಲ ನೋಡುತ್ತ.

ಹತ್ತು ಗಂಟೆಗೆ ಸರಿಯಾಗಿ ಅವನು ಬಂದ. ಬಲು ವಿನಯದ ಮನುಷ್ಯ, ಬಂದವನೇ ಹೆಂಡತಿಯ ಬ್ಯಾಗು ಎತ್ತಿಕೊಂಡ. ತಂಗಿ ಚಪ್ಪಲಿ ಮೆಟ್ಟಿದಳು. ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

“ಕಳಿಸುವಾಗ ಇವಳ ಕುತ್ತಿಗೆ ಮೇಲೆ ಗೀರು ಇರಲಿಲ್ಲ,” ಅಂದಳು. ದಿನಾ ಆಫೀಸಿನಲ್ಲಿ ಆಡುವ ಅದೇ ದನಿ, ಏರಿಳಿತವಿಲ್ಲ.

ಅವನು ನಕ್ಕ. “ಅಯ್ಯೋ ಅಕ್ಕ, ಅದು ಮೊದಲೇ ಇತ್ತು.”

ಅಕ್ಕ ವಾದ ಮಾಡಲಿಲ್ಲ. ಬ್ಯಾಗು ಕೊಡಿ ಅಂತ ಕೈ ಚಾಚಿದಳು. ಅವನು ಹೆಂಡತಿಯ ಮುಖ ನೋಡಿದ. ಅವಳು ಚಪ್ಪಲಿ ಬಿಡುತ್ತಿದ್ದಳು. ಚಾಚಿದ ಕೈ ಹಾಗೇ ಇತ್ತು. ಕೊನೆಗೆ ಕೊಟ್ಟು, ಫೋನ್ ಮಾಡ್ತೀನಿ ಅಂತ ಏನೋ ಗೊಣಗುತ್ತ ಮೆಟ್ಟಿಲಿಳಿದ.

ಚಿಲಕ ಹಾಕಿದ ಮೇಲೆ ತಂಗಿ ಗೋಡೆಗೆ ಒರಗಿ ಕೂತಳು.

“ಮೊಣಕೈದೂ ಹಳೇದಲ್ಲ, ಅಕ್ಕ.”

“ಗೊತ್ತಿತ್ತು,” ಅಂದಳು ಅಕ್ಕ.