ಪಾದ್ರಿಯ ಕೆಮ್ಮಿನ ಮದ್ದು

ಮತ್ತೆ ಕೆಮ್ಮಿದ, ಕಿಟಕಿಯ ಹತ್ತಿರ ಬಿಸಿಲು ಕಾಯಿಸುತ್ತ ಕೂತು, ಒಣ ಕೆಮ್ಮು, ಎದೆಯ ತಳದಿಂದ, ಕೆಮ್ಮು ಪಾದ್ರಿ, ಚೆನ್ನಾಗಿ ಕೆಮ್ಮು, ಅವತ್ತು ಗ್ರನಾಡಾದ ಚೌಕದಲ್ಲಿ ನಮ್ಮಪ್ಪನ ಪುಸ್ತಕಗಳ ಹೊಗೆಯಲ್ಲಿ ನಿಂತು ನಗುತ್ತಿದ್ದೆಯಲ್ಲ, ಆಗ ಬರಲಿಲ್ಲವೇ ನಿನಗೆ ಕೆಮ್ಮು. ಗಾಡಿಗಟ್ಟಲೆ ತಂದು ಸುರಿದರು, ಕುರಾನು, ಕಾವ್ಯ, ನಕ್ಷತ್ರಗಳ ಲೆಕ್ಕ, ಅಪ್ಪ ಬರಿಗೈಯಲ್ಲಿ ಬೆಂಕಿಯಿಂದ ಒಂದನ್ನು ಎಳೆದುಕೊಳ್ಳಲು ಹೋದ, ಬೊಬ್ಬೆ ಎದ್ದ ಆ ಬೆರಳುಗಳು ಆಮೇಲೆ ಲೇಖನಿ ಹಿಡಿಯಲೇ ಇಲ್ಲ, ಚಳಿಗಾಲ ಕಳೆಯುವುದರೊಳಗೆ ಹೋಗಿಬಿಟ್ಟ. ವೈದ್ಯದ ಪುಸ್ತಕಗಳನ್ನು ಮಾತ್ರ ಪಕ್ಕಕ್ಕೆ ಇಡಿಸಿದವನು ಇದೇ ಬರ್ನಾಲ್ ಪಾದ್ರಿ. ನಮ್ಮ ದೇವರು ಬೇಡ, ನಮ್ಮ ಮದ್ದು ಬೇಕು. ಮುಂದಿರ್ ಎಂಬ ನನ್ನ ಹೆಸರನ್ನು ಜ್ಞಾನಸ್ನಾನದ ನೀರು ಚಿಮುಕಿಸಿ ಗೊನ್ಸಾಲೊ ಮಾಡಿದ, ಈಗ ಗೊನ್ಸಾಲೊ, ಈ ವೈದ್ಯದ ಪುಸ್ತಕದ್ದೊಂದು ಪ್ರತಿ ಮಾಡಿಕೊಡಪ್ಪ, ನನ್ನ ಕೆಮ್ಮಿನ ಮದ್ದೂ ಇದರಲ್ಲಿದೆಯಂತೆ, ನಾಚಿಕೆಯಿಲ್ಲದೆ ಕೇಳುತ್ತಾನೆ. ಮಾಡಿದೆ. ಅಫೀಮು ಎರಡು ದಾನಿಕ್ ಎಂದಿದ್ದಲ್ಲಿ ಎರಡು ದಿರ್ಹಮ್ ಬರೆದೆ, ಆರು ಪಟ್ಟು ತೂಕ, ಅಕ್ಷರ ಮುದ್ದಾಗಿಯೇ ಬಂತು. ಮದ್ದು ಅರೆಯುವವನು ಓದಬಲ್ಲ, ಯೋಚಿಸಲಾರ, ಬರೆದದ್ದನ್ನು ಬರೆದಂತೆ ಹಾಕುತ್ತಾನೆ. ಕೆಮ್ಮೂ ನಿಲ್ಲುತ್ತದೆ, ಉಸಿರೂ ನಿಲ್ಲುತ್ತದೆ.

ತಾಳೆ ನೋಡದ ಪ್ರತಿಯನ್ನು ತೆಗೆದುಕೊಳ್ಳಬಾರದೆಂದು ಯಾರೋ ಅವನಿಗೆ ಹೇಳಿಕೊಟ್ಟಿದ್ದಾರೆ, ನನ್ನ ತಂಗಿ ಬುತೈನಾಳನ್ನು ಕರೆಸಿ ಎದುರಿಗೆ ಕೂರಿಸಿದ್ದಾನೆ, ಮೂಲ ಅವಳ ಮಡಿಲಲ್ಲಿ, ಪ್ರತಿ ನನ್ನ ಮುಂದೆ, ಅವಳು ಗಟ್ಟಿಯಾಗಿ ಓದಬೇಕು, ನಾನು ನನ್ನ ಬರಹದ ಮೇಲೆ ಬೆರಳಾಡಿಸಬೇಕು, ಒಂದೊಂದು ಭಾಗದ ಕೊನೆಗೂ ಬರೆದಿಟ್ಟ ಪುಟ್ಟ ವೃತ್ತದೊಳಗೆ, ಸರಿಯಿದ್ದರೆ, ಒಂದು ಚುಕ್ಕೆ. ಬಾಗ್ದಾದಿನಲ್ಲಿ ಯಾರೋ ಇಟ್ಟ ಚುಕ್ಕೆ, ಅದನ್ನು ನಂಬಿ ಕೈರೋದಲ್ಲಿ ಇಟ್ಟದ್ದು, ಕೊರ್ಡೊಬಾದಲ್ಲಿ ಇಟ್ಟದ್ದು, ಆ ಊರುಗಳ ದೊರೆಗಳು ಮಣ್ಣಾದರು, ಪುಸ್ತಕದ ಮನೆಗಳು ಬೂದಿಯಾದವು, ಚುಕ್ಕೆ ಮಾತ್ರ ಕೈಯಿಂದ ಕೈಗೆ ನಮ್ಮ ಬೀದಿಯವರೆಗೆ ಬಂತು, ಒಂದು ಪದದ ಮೇಲೆ ಅನುಮಾನ ಬಂತೆಂದು ಅಪ್ಪ ಏಳು ವರ್ಷ ಒಂದು ವೃತ್ತವನ್ನು ಖಾಲಿ ಬಿಟ್ಟಿದ್ದ, ಹುಚ್ಚು ಅಪ್ಪ, ಕೊನೆಗೆ ಇವರ ಕೈಗೆ ಸಿಗಲೆಂದೇ? ಸುಟ್ಟವರಿಗೇಕೆ ಸರಿಯಾದದ್ದು ಸಿಗಬೇಕು? ಅಫೀಮು ಎರಡು ದಾನಿಕ್, ಓದಿದಳು, ನಿಲ್ಲಿಸಿದಳು, ಅಪ್ಪನದೇ ರಾಗ. ಸರಿ, ಅಂದೆ. ಬೆರಳ ಕೆಳಗೆ ದಿರ್ಹಮ್. ಅವಳು ಮುಖ ಕೂಡ ಎತ್ತಲಿಲ್ಲ, ನನ್ನ ಒಂದು ಮಾತು ಸಾಕು ಅವಳಿಗೆ. ಹ್ಞೂಂ, ಚುಕ್ಕೆ ಇಡು ಅಣ್ಣ, ಮುಂದಿಂದು ಓದ್ತೀನಿ. ಇಡುತ್ತೇನೆ, ಪಾದ್ರಿ ಸಾಯಬೇಕು, ಅದರಲ್ಲಿ ಎರಡು ಮಾತಿಲ್ಲ, ಅವನು ಸತ್ತ ಮೇಲೆ ಇದನ್ನು ನೋಡಿ ಇನ್ನೊಬ್ಬ ಬರೆದುಕೊಳ್ಳುತ್ತಾನೆ, ಅವನದನ್ನು ನೋಡಿ ಮತ್ತೊಬ್ಬ, ಹೆಸರು ಗೊತ್ತಿಲ್ಲದ ಯಾವುದೋ ಊರಿನಲ್ಲಿ ಯಾರೋ ತಾಯಿ, ತೊಡೆಯ ಮೇಲೆ ಕೆಮ್ಮುವ ಕೂಸು — ಇರಲಿ, ಅವರದೇ ಕೂಸು ತಾನೇ — ಅವರದೋ, ನಮ್ಮದೋ, ಚುಕ್ಕೆಗೆ ಹೇಗೆ ಗೊತ್ತಾಗಬೇಕು — ಏನಾಯ್ತೋ ಅಣ್ಣ, ಮಸಿ ಒಣಗ್ತಿದೆ — ಕೆಮ್ಮುತ್ತಾನೆ, ಕೆಮ್ಮಲಿ, ಲೇಖನಿ ಕೈಯಲ್ಲಿದೆ, ಕೈ ಇಳಿಯುತ್ತಿಲ್ಲ, ವೃತ್ತ, ಕೆಂಪು ಮಸಿಯ ಪುಟ್ಟ ವೃತ್ತ, ಚುಕ್ಕೆ ಇಡು ಅಣ್ಣ, ವೃತ್ತ, ಮದ್ದಿಗೆಂದು ಕೂಸು ತೆರೆದ ಬಾಯಿ.