ಚಿಬಾದ ಹಳೇ ಫ್ಲ್ಯಾಟು

ನನ್ನ ಓರಗಿತ್ತಿ ಅಕ್ಷಯಾ ಜಪಾನಿನಲ್ಲಿ ಮನೆ ಕೊಂಡ ಸುದ್ದಿ ಹೇಳಿದ್ದು ನಮ್ಮ ಮನೆಯಲ್ಲೇ, ನಾನು ಮಾಡಿದ ಅಕ್ಕಿರೊಟ್ಟಿ ತಿನ್ನುತ್ತ.

"ಚಿಬಾ ಅಂತ ಅಕ್ಕ, ಟೋಕಿಯೊ ಪಕ್ಕ. ಹಳೇ ಬಿಲ್ಡಿಂಗು, ಆದ್ರೆ ಸ್ಟೇಷನ್ನಿಗೆ ಹತ್ರ. ನಾವು ಇಲ್ಲೇ ಇದ್ರೂ ಬಾಡಿಗೆ ಅದರಷ್ಟಕ್ಕೆ ಬರ್ತಿರುತ್ತೆ" ಎಂದು ಇನ್ನೊಂದು ರೊಟ್ಟಿ ಹಾಕಿಕೊಂಡಳು.

ಹೊಟ್ಟೆ ಉರಿಯಿತು. ಸುತ್ತಿ ಬಳಸಿ ಹೇಳುವುದೇನಿದೆ? ಮನೆಗೆ ಹಿರಿಸೊಸೆ ನಾನು. ಡಾಲರ್ ದೇಶಕ್ಕೆ ಬಂದು, ಮೌಂಟನ್ ವ್ಯೂನ ಈ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ವರ್ಷಗಟ್ಟಲೆ ಪಕ್ಕದವರ ಒಗ್ಗರಣೆ ಘಾಟು ಕುಡಿದವಳು ನಾನು. ಮೊನ್ನೆ ಮೊನ್ನೆ ಬಂದ ಇವಳು ಮನೆಯೊಡತಿ! ಹಾಸನದಿಂದ ಅತ್ತೆ ಫೋನ್ ಮಾಡಿ, "ಅಕ್ಷಯಾ ಜಪಾನಲ್ಲಿ ಮನೆ ಮಾಡವ್ಳಂತೆ, ನಿಮ್ದು ಯಾವಾಗವ್ವ ಸಂಯುಕ್ತಾ?" ಎಂದಾಗಲಂತೂ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

ನಮಗೂ ಒಂದು ಆಸೆಯಿತ್ತು. ನಮಗೆ ಎಂದರೆ ನನ್ನ ಗಂಡ ಜಯರಾಮ್‌ಗೆ. ಬೆಳ್ಳುಳ್ಳಿ ಬೆಳೆಯುವ ಊರು ಗಿಲ್‌ರಾಯ್‌ನಲ್ಲಿ ಒಂದು ಸಣ್ಣ ಮನೆ ನೋಡಿಟ್ಟಿದ್ದರು. ಆಫೀಸಿಗೆ ದೂರ, ಗಾಳಿ ಬೀಸಿದರೆ ಬೆಳ್ಳುಳ್ಳಿ ವಾಸನೆ. ಆದರೆ ಹಿತ್ತಲಿದೆ. ಬಾಲ್ಕನಿಯ ಬಕೆಟ್ಟಿನಲ್ಲಿ ಅವರೆ ಬೆಳೆಯಲು ಹೋಗಿ ಸೋತ ಮನುಷ್ಯನಿಗೆ ಆ ಹಿತ್ತಲೇ ಸ್ವರ್ಗ. ಶನಿವಾರ ಬಂತೆಂದರೆ ಫ್ರೀವೇ ಹಿಡಿದು ಅಲ್ಲಿಗೆ ಹೋಗಿ, ಬೇಲಿಯಾಚೆ ನಿಂತು ನೋಡಿ ಬರುತ್ತಿದ್ದರು.

ನಾನು ಸುಮ್ಮನಿರಲಿಲ್ಲ. ಹುಡುಕಿದೆ. ಅಕ್ಷಯಾಳ ಬಿಲ್ಡಿಂಗಿನಲ್ಲೇ, ಅವಳದರ ಮೇಲಿನ ಮಹಡಿಯಲ್ಲೇ ಒಂದು ಫ್ಲ್ಯಾಟು ಮಾರಾಟಕ್ಕಿತ್ತು. ಅವಳ ನೆತ್ತಿಯ ಮೇಲೆ! ಆಮೇಲೆ ನನಗೆ ಬೇರೇನೂ ಕಾಣಲಿಲ್ಲ.

"ಒಳಗೆ ಯಾರೋ ಅಜ್ಜಿ ಬಾಡಿಗೆಗಿದಾರಂತೆ. ಹೋಗಿ ನೋಡೋಕೂ ಆಗಲ್ಲ. ನಾವೇ ಕಾಲಿಡದ ಮೇಲೆ ಅದೆಂಥ ಮನೆ, ಸಂಯು?" ಎಂದರು ಜಯರಾಮ್.

"ಇದು ಇನ್ವೆಸ್ಟ್‌ಮೆಂಟು ರೀ. ಕಾಲಿಡೋಕಲ್ಲ."

"ಮತ್ತೆ ಗಿಲ್‌ರಾಯ್?"

"ಎರಡೂ ನಮ್ಮ ಕೈಲಾಗಲ್ಲ. ಆ ಬೆಳ್ಳುಳ್ಳಿ ಊರಲ್ಲಿ ಯಾರಿರ್ತಾರೆ?"

ಅವರು ಚಿಬಾದ ಕಾಗದಗಳಿಗೆ ಸಹಿ ಹಾಕಿ, ಬಾಲ್ಕನಿಯ ಬಕೆಟ್ಟಿಗೆ ನೀರು ಹಾಕಲು ಹೋದರು.

"ನಿಮ್ಮ ಮೇಲಿನ ಮಹಡೀನೇ ಕಣೇ" ಎಂದು ಅಕ್ಷಯಾಗೆ ನಾನೇ ಫೋನ್ ಮಾಡಿ ಹೇಳಿದೆ. ಆ ಕಡೆ ಸದ್ದೇ ಇಲ್ಲ. ಆ ಮೌನ ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ.

ಕೆಲವು ತಿಂಗಳಾದ ಮೇಲೆ ಅವಳೇ ಫೋನ್ ಮಾಡಿದಳು. "ಅಕ್ಕ, ಚಿಬಾದು ಮಾರಿಬಿಟ್ವಿ. ಗಿಲ್‌ರಾಯ್‌ದು ತಗೊಂಡ್ವಿ, ಭಾವ ನೋಡಿಟ್ಟಿದ್ರಲ್ಲ, ಅದೇ. ಭಾವ ಆ ಹಿತ್ತಲಿನ ಬಗ್ಗೆ ಮಾತಾಡ್ವಾಗೆಲ್ಲ ನಿಮ್ಮನ್ನ ನೋಡಿ ನಂಗೆಷ್ಟು ಹೊಟ್ಟೆ ಉರೀತಿತ್ತು ಗೊತ್ತಾ? ನೀವು ಬಿಟ್ಟಿದ್ದೇ ತಡ, ಲೋಹಿತ್‌ನ ಬೆನ್ನು ಹತ್ತಿದೆ."

ಲೋಹಿತ್ ಎಂದರೆ ನನ್ನ ಮೈದುನ. ಅಣ್ಣನಿಗೆ ಒಂದು ಮಾತು ಹೇಳದೆ ಹೆಂಡತಿ ಹೇಳಿದ್ದಕ್ಕೆ ತಲೆಯಾಡಿಸಿದ್ದ.

ಗೃಹಪ್ರವೇಶಕ್ಕೆ ಹೋಗದಿರಲು ಆಗುತ್ತದೆಯೆ? ನಮ್ಮ ಮನೆತನದಲ್ಲಿ ಹೊಸ ಮನೆಯ ಹಾಲನ್ನು ಹಿರಿಸೊಸೆಯೇ ಉಕ್ಕಿಸಬೇಕು. ರೇಷ್ಮೆ ಸೀರೆಯುಟ್ಟು, ನನ್ನದಾಗಬೇಕಿದ್ದ ಒಲೆಯ ಮುಂದೆ ನಿಂತೆ. ಉಕ್ಕದಿದ್ದರೇ ಚೆನ್ನ ಎನ್ನಿಸಿ ಉರಿ ತಗ್ಗಿಸಿದೆ.

ಕಿಟಕಿಯಾಚೆ ಹಿತ್ತಲಿತ್ತು. ಜಯರಾಮ್ ಪಂಚೆ ಮೇಲಕ್ಕೆ ಕಟ್ಟಿ, ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು, ಇಲ್ಲಿ ಅವರೆ, ಅಲ್ಲಿ ನುಗ್ಗೆ ಎಂದು ತಮ್ಮನಿಗೆ ತೋರಿಸುತ್ತಿದ್ದರು. ನಗುತ್ತಿದ್ದರು. ನನ್ನ ಮುಂದೆ ಅವರು ಹಾಗೆ ನಕ್ಕಿದ್ದು ಯಾವಾಗ ಎಂದು ನೆನಪಾಗಲಿಲ್ಲ.

"ಭಾವನಿಗೆ ಒಂದು ಬೀಗದಕೈ ಕೊಟ್ಟಿದೀವಿ ಅಕ್ಕ, ಬೇಕಾದಾಗೆಲ್ಲ ಬರ್ಲಿ" ಎಂದಳು ಅಕ್ಷಯಾ.

ಅಷ್ಟರಲ್ಲಿ ಹಾಲು ಉಕ್ಕಿಯೇಬಿಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಜಯರಾಮ್ ಮಣ್ಣುಗೈಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತು, "ನಮ್ಮನೆ ಹಾಲು ಉಕ್ತಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಕ್ಷಯಾ, "ಉಕ್ತು ಭಾವ" ಎಂದಳು.