ಇಪ್ಪತ್ತೈದರ ಕಟ್ಟು

"ಕಣ್ಣು ಮುಚ್ಚಿ. ನೀವೀಗ ಸಮುದ್ರದ ದಡದಲ್ಲಿ ಮಲಗಿದ್ದೀರಿ. ಅಲೆಗಳು ಮೆಲ್ಲನೆ ಬಂದು ನಿಮ್ಮ ಪಾದವನ್ನು ಮುಟ್ಟುತ್ತಿವೆ," ಎಂದು ನರ್ಸ್ ಮೋಕ್ಷಿತಾ ಮೊಬೈಲ್ ನೋಡಿ ಓದಿದಳು.

ಸೇಸಮ್ಮ ಸರಕ್ಕನೆ ಕಾಲು ಎಳೆದುಕೊಂಡರು. "ಉಪ್ಪುನೀರು ತಾಗಿದ್ರೆ ಉರಿಯುವುದಿಲ್ವಾ ಮಾರಾಯ್ತಿ?"

ಗಂಜಿ ಬಸಿಯುವಾಗ ಸುಟ್ಟ ಕಾಲದು. ಹಳೆಯ ಪಟ್ಟಿ ಗಾಯಕ್ಕೆ ಅಂಟಿಕೊಂಡು ಅಂಚಿನಲ್ಲಿ ಕೀವು ಕಟ್ಟಿತ್ತು. ಮೂಡುಬಿದಿರೆಯ ಈ ಕ್ಲಿನಿಕ್ಕಿನಿಂದ ಸೇಸಮ್ಮ ಎರಡು ಸಲ, ಪಟ್ಟಿ ಬಿಡಿಸುವ ನೋವು ತಾಳದೆ ಅರ್ಧಕ್ಕೇ ಎದ್ದು, ತಮ್ಮೂರಿನ ಬೆಳುವಾಯಿ ಬಸ್ಸು ಹತ್ತಿದ್ದರು. ಇವತ್ತೂ ಆಗದಿದ್ದರೆ ಮಂಗಳೂರಿಗೆ ಕಳಿಸಿ, ಪ್ರಜ್ಞೆ ತಪ್ಪಿಸಿಯೇ ಗಾಯ ತೊಳೆಸಬೇಕು ಎಂದು ಡಾಕ್ಟರು ಹೇಳಿ ಹೋಗಿದ್ದರು. ಆಗಿನಿಂದ ಸೇಸಮ್ಮನ ಬೆರಳುಗಳು ಟವೆಲಿನ ಮೂಲೆಯನ್ನು ಸುರುಳಿ ಸುತ್ತುತ್ತಿದ್ದವು, ಬಿಚ್ಚುತ್ತಿದ್ದವು.

ಮೋಕ್ಷಿತಾ ಆ ಬೆರಳುಗಳನ್ನು ನೋಡಿದಳು. ಮೊಬೈಲನ್ನು ಕಿಸೆಗೆ ಹಾಕಿದಳು.

"ಸೇಸಮ್ಮಕ್ಕ, ದಿನಕ್ಕೆ ಎಷ್ಟು ಬೀಡಿ ಕಟ್ತೀರಿ?"

"ಮೊದಲು ಸಾವಿರ. ಈಗ ಆರುನೂರು."

"ಕಣ್ಣು ಮುಚ್ಚಿ, ಇಪ್ಪತ್ತೈದರ ಒಂದು ಕಟ್ಟು ಮಾಡುವ. ಎಲೆ, ಹೊಗೆಸೊಪ್ಪಿನ ಪುಡಿ ಇಟ್ಟ ಗೆರಸೆ ಮಡಿಲಲ್ಲಿ ಉಂಟು. ಎಲೆ ತಗೊಳ್ಳಿ, ಪುಡಿ ಹಾಕಿ."

"ಕತ್ತರಿಸದ ಎಲೆಗೆ ಪುಡಿ ಹಾಕುವುದಾ? ನಿನ್ನ ಅಮ್ಮ ಬೀಡಿ ಕಟ್ಟಲಿಲ್ವಾ?"

"ಕಟ್ಟಿಯೇ ನನ್ನನ್ನು ಓದಿಸಿದ್ದು. ನನಗೆ ಮಾತ್ರ ಗೆರಸೆ ಮುಟ್ಲಿಕ್ಕೆ ಬಿಡ್ಲಿಲ್ಲ."

"ಹಾಗೆ ಹೇಳು."

ಸೇಸಮ್ಮ ಕಣ್ಣು ಮುಚ್ಚಿದರು. ಟವೆಲು ಜಾರಿತು. ಬೆರಳುಗಳು ಗಾಳಿಯಲ್ಲಿ ಎಲೆ ಸುತ್ತಿ, ತುದಿ ಮಡಚಿ, ನೂಲು ಬಿಗಿದವು. "ಒಂದು."

ಮೋಕ್ಷಿತಾ ಪಟ್ಟಿಯ ಮೇಲೆ ಸಲೈನ್ ಸುರಿದು, ಒಂದೊಂದು ಬೀಡಿಗೆ ಒಂದೊಂದು ಎಳೆಯಷ್ಟು ಬಿಡಿಸಿದಳು. ಏಳನೆಯ ಬೀಡಿಯ ಹೊತ್ತಿಗೆ ಅವಳಿಗೆ ಧೈರ್ಯ ಬಂದು ಕೈ ಚುರುಕಾಯಿತು. "ಎಂಟು, ಒಂಬತ್ತು," ಎಂದು ತಾನೇ ಎಣಿಸಿದಳು.

ಸೇಸಮ್ಮ ಹಲ್ಲು ಕಚ್ಚಿದರು. "ಅಷ್ಟು ಬೇಗ ಬೇಡ. ಸಡಿಲ ಆದ್ರೆ ಬೀಡಿ ತಗೊಳ್ಳುವ ಬ್ರಾಂಚಿನವ ತೆಗೆದು ಬಿಸಾಡ್ತಾನೆ. ಎಂಟನೆಯದನ್ನು ಬಿಚ್ಚು."

ಇಬ್ಬರೂ ಮತ್ತೆ ಎಂಟರಿಂದ ಶುರುಮಾಡಿದರು. ಈ ಸಲ ಎಣಿಕೆ ಸೇಸಮ್ಮನದು, ಅದರ ಹಿಂದೆ ಮೋಕ್ಷಿತಾಳ ಕೈ. ಹದಿನಾಲ್ಕಕ್ಕೆ ಸೇಸಮ್ಮನ ಉಸಿರು ಸಿಕ್ಕಿಕೊಂಡಿತು. ಹದಿನೈದು ಬರಲು ತಡವಾಯಿತು. ಮೋಕ್ಷಿತಾ ಕಾದಳು. ಬಂತು.

ಗಾಯ ತೊಳೆದು, ಹೊಸ ಪಟ್ಟಿ ಸುತ್ತಿ ಅಂಟಿಸಿದಳು. "ಮುಗೀತು ಸೇಸಮ್ಮಕ್ಕ. ಇನ್ನು ಮಂಗಳೂರಿಗೆ ಹೋಗ್ಲಿಕ್ಕಿಲ್ಲ."

"ನಿನ್ನದು ಮುಗೀತು. ನನ್ನದು ಎರಡು ಬಾಕಿ ಉಂಟು."

ಮೋಕ್ಷಿತಾ ಗ್ಲೌಸ್ ಕಳಚಿ ಸ್ಟೂಲು ಎಳೆದುಕೊಂಡು ಕೂತಳು. ಹೊರಗೆ ಬೆಳುವಾಯಿ ಬಸ್ಸು ಹಾರ್ನ್ ಹಾಕಿತು. ಸೇಸಮ್ಮ ಕಣ್ಣು ತೆರೆಯಲಿಲ್ಲ. ಇಪ್ಪತ್ತೈದನೆಯದನ್ನು ಮುಗಿಸಿ, ಎಲ್ಲವನ್ನೂ ಒಟ್ಟುಗೂಡಿಸಿ, ಇಲ್ಲದ ನೂಲಿನ ಒಂದು ತುದಿಯನ್ನು ಮೋಕ್ಷಿತಾಳ ಕಡೆ ಚಾಚಿದರು. ಅವಳು ಅದನ್ನು ಹಿಡಿದುಕೊಂಡಳು.